ಗಿಟಾರ್ ಎಲ್ಲಿ ಹೋಯ್ತು?

ನನ್ನ ದೊಡ್ಡಪ್ಪನ ಮಗ ಆಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಎರಡು ವಾರಕ್ಕೊಮ್ಮೆ ಶನಿವಾರದ ರೈಲು ಹತ್ತಿ ಮೈಸೂರಿಗೆ ಬರುತ್ತಿದ್ದ. ಬ್ಯಾಗಿನಲ್ಲಿ ಒಗೆಯೋಕೆ ತಂದ ಬಟ್ಟೆ, ಬಟ್ಟೆಗಳ ನಡುವೆ ಕ್ಯಾಸೆಟ್‌ಗಳು. 1998ರಲ್ಲಿ ಹಾಗೆ ತಂದ ಒಂದು ಕ್ಯಾಸೆಟ್ ನನ್ನ ಹತ್ತಿರವೇ ಉಳಿದುಬಿಟ್ಟಿತು. 90 ನಿಮಿಷದ ಖಾಲಿ ಕ್ಯಾಸೆಟ್. ಗೆಳೆಯನ ಸಿಡಿಗಳಿಂದ ಅವನೇ ತುಂಬಿಸಿಕೊಂಡಿದ್ದ. ಒಂದು ಕಡೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೊಹೆಡ್‌ನ ‘ದಿ ಬೆಂಡ್ಸ್’ ಆಲ್ಬಂ, ಇನ್ನೊಂದು ಕಡೆ ಅವರದ್ದೇ ‘ಓಕೆ ಕಂಪ್ಯೂಟರ್’.

ಒಂದು ಕಡೆಗೆ 45 ನಿಮಿಷ ಮಾತ್ರ ಹಿಡಿಯುತ್ತೆ. ‘ದಿ ಬೆಂಡ್ಸ್’ 48 ನಿಮಿಷ ದಾಟುತ್ತೆ. ಹಾಗಾಗಿ ಕೊನೆಯ ಹಾಡು ‘ಸ್ಟ್ರೀಟ್ ಸ್ಪಿರಿಟ್’ ಶುರುವಾಗಿ, ಆ ಗಿಟಾರ್ ಒಂದೆರಡು ಸುತ್ತು ಬರುವಷ್ಟರಲ್ಲಿ ಟಕ್ ಅಂತ ಟೇಪ್ ನಿಲ್ಲುತ್ತಿತ್ತು. ತಿರುಗಿಸಿ ಹಾಕಿದರೆ ‘ಓಕೆ ಕಂಪ್ಯೂಟರ್’. ಅದು 53 ನಿಮಿಷ. ‘ಲಕ್ಕಿ’ ಅರ್ಧಕ್ಕೂ ಬರುತ್ತಿರಲಿಲ್ಲ. ‘ದಿ ಟೂರಿಸ್ಟ್’ ಅನ್ನೋ ಹಾಡು ಇದೆ ಅಂತಲೇ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಇವತ್ತಿಗೂ ‘ಲಕ್ಕಿ’ ಕೇಳುವಾಗ ಸುಮಾರು ಒಂದು ನಿಮಿಷ ಕಳೆಯುತ್ತಿದ್ದಂತೆ ನನ್ನ ಕಿವಿ ಆ ‘ಟಕ್’ಗೆ ಕಾಯುತ್ತೆ.

ಅಣ್ಣ ಗಿಟಾರ್ ಕಲಿತಿದ್ದು ಇದೇ ಕ್ಯಾಸೆಟ್‌ನಿಂದ. ದೊಡ್ಡಮ್ಮನ ಮನೆಯ ಮಹಡಿ ಮೆಟ್ಟಿಲ ಮೇಲೆ ಕೂತು ಪ್ಲೇ, ಸ್ಟಾಪ್, ರಿವೈಂಡ್. ‘ಫೇಕ್ ಪ್ಲಾಸ್ಟಿಕ್ ಟ್ರೀಸ್’ ಪೂರ್ತಿ ನುಡಿಸಲು ಬಂದ ದಿನ ಅವನ ಬೆರಳ ತುದಿಗಳು ಕೆಂಪಾಗಿದ್ದವು. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ಕೇಳಿದ್ದೆ. ಅವತ್ತಿನಷ್ಟು ಖುಷಿಯಲ್ಲಿ ಅವನನ್ನು ಆಮೇಲೆ ನೋಡಿದ್ದು ಅವನ ಮದುವೆ ದಿನ.

2001ರ ಸಂಕ್ರಾಂತಿಗೆ ಅವನು ಬಂದಾಗ ಕೆಲಸ ಸಿಕ್ಕಿತ್ತು, ಮೊದಲ ಸಂಬಳದಲ್ಲಿ ಸಿಡಿ ಪ್ಲೇಯರ್ ಕೊಂಡಿದ್ದ. ಜೊತೆಗೆ ಹೊಸ ಸಿಡಿ, ‘ಕಿಡ್ ಎ’. ಅದು ಹೊರಬಂದು ಮೂರು ತಿಂಗಳಾಗಿತ್ತು. ಅವನು ಒಬ್ಬನೇ ಕೇಳದೆ ನನಗೋಸ್ಕರ ಇಟ್ಟುಕೊಂಡು ಬಂದಿದ್ದ. ಎಳ್ಳುಬೆಲ್ಲದ ತಟ್ಟೆ ಪಕ್ಕಕ್ಕಿಟ್ಟು ಇಬ್ಬರೂ ನೆಲದ ಮೇಲೆ ಕೂತೆವು. ಕೀಬೋರ್ಡ್‌ನ ಮೆತ್ತಗಿನ ಸ್ವರಗಳು ಬಂದವು. ಹಾಡುವವನ ದನಿ ತುಂಡು ತುಂಡಾಗಿ, ಹಿಂದೆ ಮುಂದೆ ಆಗುತ್ತಾ ಬಂತು. ಅಡುಗೆಮನೆಯಿಂದ ದೊಡ್ಡಮ್ಮ ಕೇಳಿದರು, ‘ಏನೋ ಅದು, ಕ್ಯಾಸೆಟ್ ಸುತ್ತಿಕೊಂಡಿದೆಯೇನೋ?’

ಎರಡನೇ ಹಾಡಿನಲ್ಲಿ ದನಿ ಇನ್ನೂ ವಿಚಿತ್ರವಾಗಿ, ಯಂತ್ರದೊಳಗಿಂದ ಬಂದ ಹಾಗೆ ಕೇಳಿಸಿತು. ಅಣ್ಣ ಸಿಡಿ ನಿಲ್ಲಿಸಿದ. ಮುಖ ಸಪ್ಪಗಾಗಿತ್ತು.

‘ಗಿಟಾರ್ ಎಲ್ಲಿ ಹೋಯ್ತೇ?’ ಅಂದ.

ಅವತ್ತು ಶುರುವಾದ ಜಗಳ ಇನ್ನೂ ಮುಗಿದಿಲ್ಲ.

ರೇಡಿಯೊಹೆಡ್ ಕೇಳುವವರು ಎಲ್ಲೇ ಸೇರಲಿ, ಈ ಜಗಳ ಇದ್ದೇ ಇರುತ್ತೆ. ‘ದಿ ಬೆಂಡ್ಸ್’ ಆದಮೇಲೆ ಹಾಡನ್ನೇ ಮರೆತರು ಅನ್ನುವವರು ಒಂದು ಕಡೆ. ‘ಓಕೆ ಕಂಪ್ಯೂಟರ್’ ಒಂದೇ ಸಾಕು ಅನ್ನುವವರು ಇನ್ನೊಂದು ಕಡೆ. ‘ಕಿಡ್ ಎ’ಗಿಂತ ಹಿಂದಿನದೆಲ್ಲ ಬರೀ ತಯಾರಿ ಅನ್ನುವವರೂ ಇದ್ದಾರೆ. ‘ಇನ್ ರೇನ್‌ಬೋಸ್’ನಲ್ಲಿ ಎಲ್ಲ ಸೇರಿ ಹದವಾಯಿತು ಅನ್ನುವವರದು ಬೇರೆಯೇ ಗುಂಪು. ನಾನು ತುಂಬಾ ವರ್ಷ ಮೂರನೇ ಗುಂಪಿನಲ್ಲಿದ್ದೆ. ಈಗ ಯಾವುದರಲ್ಲೂ ಇಲ್ಲ. ಯಾಕೆ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ ಅಬಿಂಗ್ಡನ್ ಅಂತ ಒಂದು ಊರು. ಅಲ್ಲಿನ ಶಾಲೆಯ ಐದು ಹುಡುಗರು 1985ರಲ್ಲಿ ಕಟ್ಟಿಕೊಂಡ ಬ್ಯಾಂಡ್ ಇದು. ಹಾಡುವ ಟಾಮ್ ಯಾರ್ಕ್, ಗಿಟಾರ್ ನುಡಿಸುವ ಜಾನಿ ಗ್ರೀನ್‌ವುಡ್, ಬೇಸ್ ಗಿಟಾರ್ ನುಡಿಸುವ ಅವನ ಅಣ್ಣ ಕಾಲಿನ್, ಇನ್ನೊಬ್ಬ ಗಿಟಾರ್ ವಾದಕ ಎಡ್ ಒಬ್ರಿಯನ್, ಡ್ರಮ್ಸ್ ಬಾರಿಸುವ ಫಿಲ್ ಸೆಲ್ವೇ. ಮೊದಲ ಆಲ್ಬಂನಿಂದ ಇವತ್ತಿನವರೆಗೂ ಅದೇ ಐದು ಜನ. ಇದು ನನಗೆ ಮುಖ್ಯ ಅನ್ನಿಸುತ್ತೆ. ಎಷ್ಟೋ ಬ್ಯಾಂಡ್‌ಗಳ ಸಂಗೀತ ಬದಲಾಗೋದು ಯಾರೋ ಬಿಟ್ಟುಹೋಗಿ, ಇನ್ಯಾರೋ ಬಂದಾಗ. ಇಲ್ಲಿ ಯಾರೂ ಹೋಗಲಿಲ್ಲ, ಯಾರೂ ಬರಲಿಲ್ಲ. ಅದೇ ಕೈಗಳಿಂದಲೇ ಬೇರೆ ಸದ್ದು ಬಂತು.

ಅವರಿಗೆ ಹೆಸರು ತಂದ ಹಾಡು 1992ರ ‘ಕ್ರೀಪ್’. ಅದರಲ್ಲಿ ಪಲ್ಲವಿಗೆ ಸ್ವಲ್ಪ ಮುಂಚೆ ಗಿಟಾರ್ ಗರಗಸ ಎಳೆದ ಹಾಗೆ ಕಿರ್ರ್ ಅನ್ನುತ್ತೆ. ಎಲ್ಲರಿಗೂ ನೆನಪಿರೋದು ಅದೇ. ಆ ಹಾಡು ತೀರಾ ಮೆತ್ತಗಿದೆ ಅಂತ ಜಾನಿಗೆ ಇಷ್ಟವಿರಲಿಲ್ಲ. ಕೆಡಿಸೋಕೆ ಅಂತಲೇ ಹಾಗೆ ಬಾರಿಸಿದ. ಅದೇ ಹಾಡಿನ ಜೀವ ಆಯಿತು. ಅಣ್ಣನಿಗೆ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ. ನೀನು ಅಷ್ಟೊಂದು ಪ್ರೀತಿಸುವ ಆ ಗಿಟಾರ್ ಸದ್ದು ಕೂಡ ಇದ್ದದ್ದು ಸಾಲದು ಅನ್ನೋ ಸಿಟ್ಟಿನಿಂದಲೇ ಹುಟ್ಟಿದ್ದು ಅಲ್ವಾ?

‘ಕ್ರೀಪ್’ ಅವರನ್ನು ಸಾಕಿತು, ಕಟ್ಟಿಯೂ ಹಾಕಿತು. ಎಲ್ಲಿ ಹೋದರೂ ಜನ ಅದೊಂದನ್ನೇ ಕೇಳಿದರು. 1994ರಲ್ಲಿ ಅವರು ‘ಮೈ ಐರನ್ ಲಂಗ್’ ಅಂತ ಹಾಡು ಮಾಡಿದರು. ಹಿಂದೆ ಉಸಿರಾಡಲು ಆಗದ ರೋಗಿಗಳನ್ನು ಮಲಗಿಸುತ್ತಿದ್ದ ಕಬ್ಬಿಣದ ಯಂತ್ರದ ಹೆಸರು ಅದು. ಬದುಕಿಸುತ್ತೆ, ಆದರೆ ಎದ್ದು ಓಡಾಡೋಕೆ ಬಿಡಲ್ಲ. ‘ಕ್ರೀಪ್’ ಬಗ್ಗೆ ಅವರಿಗೆ ಹಾಗನ್ನಿಸಿತ್ತು. ಮುಂದಿನ ವರ್ಷ ಬಂದ ‘ದಿ ಬೆಂಡ್ಸ್’ ಮೂರು ಗಿಟಾರ್‌ಗಳ ಆಲ್ಬಂ. 1997ರಲ್ಲಿ ‘ಓಕೆ ಕಂಪ್ಯೂಟರ್’. ಆಕ್ಸ್‌ಫರ್ಡ್‌ಶೈರ್‌ನ ಒಂದು ಶೆಡ್ಡಿನಲ್ಲಿ, ಆಮೇಲೆ ಬಾತ್ ಊರಿನ ಹತ್ತಿರದ ಒಂದು ಹಳೇ ಬಂಗಲೆಯಲ್ಲಿ ಕೂತು ಮಾಡಿದ್ದು. ಅದು ಬಂದಮೇಲೆ ಜಗತ್ತೇ ಇವರನ್ನು ಎತ್ತಿ ತಲೆ ಮೇಲೆ ಕೂರಿಸಿಕೊಂಡಿತು.

ಅಲ್ಲಿ ಯಾರ್ಕ್ ಕುಸಿದ. ವರ್ಷಗಟ್ಟಲೆ ಪ್ರವಾಸ, ಪ್ರತಿ ರಾತ್ರಿ ಅದೇ ಕೂಗು. ಒಂದು ಹಂತದಲ್ಲಿ ಅವನಿಗೆ ಗಿಟಾರ್ ಮುಟ್ಟಿದರೆ ಏನೂ ಹುಟ್ಟುತ್ತಿರಲಿಲ್ಲ. ಸಾಲದ್ದಕ್ಕೆ ರೇಡಿಯೊ ಹಾಕಿದರೆ ಅವರ ಹಾಗೇ ಹಾಡುವ ಹೊಸ ಬ್ಯಾಂಡ್‌ಗಳು. ತನ್ನ ದನಿ ಇನ್ನೊಬ್ಬರ ಬಾಯಲ್ಲಿ ಬರೀ ಶೈಲಿಯಾಗಿ ಉಳಿದದ್ದು ಕೇಳೋದು ಕಷ್ಟ. ಅವನು ವಾರ್ಪ್ ಅನ್ನೋ ಕಂಪನಿಯ ಎಲೆಕ್ಟ್ರಾನಿಕ್ ಸಂಗೀತ ತರಿಸಿಕೊಂಡು ಕೇಳಿದ. ಎಫೆಕ್ಸ್ ಟ್ವಿನ್, ಆಟೆಕರ್. ಅದರಲ್ಲಿ ಹಾಡುವ ದನಿ ಇಲ್ಲದೆ ಬರೀ ಸದ್ದೇ ಮನಸ್ಸು ಕಲಕುತ್ತಿತ್ತು. ಒಂದು ಪಿಯಾನೊ ಕೊಂಡ. ಪಿಯಾನೊ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಬರದೇ ಇದ್ದದ್ದೇ ಒಳ್ಳೆಯದಾಯಿತು, ಕೈಗೆ ಹಳೇ ಚಾಳಿ ಇರಲಿಲ್ಲ.

1999ರಿಂದ ಪ್ಯಾರಿಸ್, ಕೋಪನ್‌ಹೇಗನ್, ಗ್ಲಾಸ್ಟರ್‌ಶೈರ್, ಕೊನೆಗೆ ಆಕ್ಸ್‌ಫರ್ಡ್. ಊರೂರು ಸುತ್ತಿದರೂ ಹಾಡುಗಳು ಮುಗಿಯುತ್ತಿರಲಿಲ್ಲ. ಮೂವರು ಗಿಟಾರ್ ನುಡಿಸುವ ಬ್ಯಾಂಡಿನಲ್ಲಿ ಗಿಟಾರ್ ಬೇಡ ಅಂದರೆ ಉಳಿದವರು ಏನು ಮಾಡಬೇಕು? ಡ್ರಮ್ ಯಂತ್ರ ಬಾರಿಸಿದರೆ ಸೆಲ್ವೇ ಏನು ಮಾಡಬೇಕು? ಇದು ಅವರೊಳಗೇ ನಡೆದ ಜಗಳ. ಅಣ್ಣ ಕೇಳಿದ ಪ್ರಶ್ನೆಯನ್ನು ಅವರೇ ಒಬ್ಬರಿಗೊಬ್ಬರು ಮುಂಚೆಯೇ ಕೇಳಿಕೊಂಡಿದ್ದರು. ಜಾನಿ ತನಗೊಂದು ದಾರಿ ಹುಡುಕಿಕೊಂಡ. ಓಂಡ್ ಮಾರ್ಟೆನೊ ಅಂತ 1928ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ವಿದ್ಯುತ್ ವಾದ್ಯ ಇದೆ. ದನಿಗೂ ಪಿಟೀಲಿಗೂ ನಡುವಿನ ಸದ್ದು. ಅದನ್ನು ಕಲಿತ. ಡಾರ್ಚೆಸ್ಟರ್ ಎಂಬಲ್ಲಿನ ಹಳೇ ಚರ್ಚಿನಲ್ಲಿ ಪಿಟೀಲುಗಳ ಮೇಳ ಕೂರಿಸಿ ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ಗೆ ಸ್ವರ ಬರೆದುಕೊಟ್ಟ. ‘ಇಡಿಯೊಟೆಕ್’ಗೆ ಅವನು ತುಂಬಿಸಿದ್ದು 50 ನಿಮಿಷದ ಟೇಪು. ಅದರಿಂದ ಯಾರ್ಕ್ ಆರಿಸಿಕೊಂಡಿದ್ದು ಸುಮಾರು 40 ಸೆಕೆಂಡ್. ಅದರೊಳಗೆ ಪಾಲ್ ಲ್ಯಾನ್ಸ್ಕಿ 1973ರಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಸಂಗೀತದ ಒಂದು ತುಣುಕು ಇತ್ತು. ಇಡೀ ಹಾಡು ಆ ತುಣುಕಿನ ಮೇಲೆ ನಿಂತಿದೆ.

ಅಕ್ಟೋಬರ್ 2000ದಲ್ಲಿ ಆಲ್ಬಂ ಬಂದಾಗ ಬಿಡಿಯಾಗಿ ಮಾರುವ ಹಾಡು, ಅಂದರೆ ಸಿಂಗಲ್, ಒಂದನ್ನೂ ಬಿಡಲಿಲ್ಲ. ಇಂಗ್ಲೆಂಡಿನ ಕೆಲವು ವಿಮರ್ಶಕರು ಕಟುವಾಗಿ ಬರೆದರು. ಅಮೆರಿಕದಲ್ಲಿ ಅದು ನೇರವಾಗಿ ಮೊದಲ ಸ್ಥಾನಕ್ಕೆ ಹೋಯಿತು. ಸೊಗಸಾದ ಹಾಡುಗಳನ್ನು ಬಿಟ್ಟು ಇದೇನು ಮಾಡಿದ್ದೀರಿ ಅಂತ ಕೇಳಿದವರು, ಇದಕ್ಕಿಂತ ದೊಡ್ಡದು ಇಲ್ಲ ಅಂದವರು, ಇಬ್ಬರೂ ಒಂದೇ ವಾರದಲ್ಲಿ ಇದ್ದರು.

ಅಣ್ಣನ ನೋವು ನನಗೆ ಆಗ ಅರ್ಥವಾಗಿರಲಿಲ್ಲ. ನನಗೆ ‘ಕಿಡ್ ಎ’ ಮೊದಲ ಸಲವೇ ಹಿಡಿಸಿತು. ನನ್ನ ಗೆಳತಿಯರಿಗೆ ಸಿನಿಮಾ ಹಾಡು, ಗೆಳೆಯರಿಗೆ ಮೆಟಲ್. ನನಗೆ ಮಾತ್ರ ಈ ವಿಚಿತ್ರ ಸದ್ದು. ಅದು ನನ್ನದೇ ಕೋಣೆ ಅನ್ನಿಸುತ್ತಿತ್ತು. ‘ನಿನಗೆ ಹೊಸದು ಅಂದ್ರೆ ಆಗಲ್ಲ’ ಅಂತ ಅವನಿಗೆ ಅಂದೆ. ಅದು ತಪ್ಪು ಮಾತು. ಅವನಿಗೆ ಹೊಸದು ಆಗುತ್ತಿತ್ತು. ಅವನು ಬೆರಳು ಕೆಂಪು ಮಾಡಿಕೊಂಡು ಕಲಿತದ್ದನ್ನು ಅವನಿಗೆ ಕಲಿಸಿದವರೇ ಬೇಡ ಅಂದುಬಿಟ್ಟಿದ್ದರು. ಆಲ್ಬಂ ಕೇಳುವವರಿಗೂ ಅದರ ಜೊತೆ ನುಡಿಸುವವರಿಗೂ ವ್ಯತ್ಯಾಸ ಇದೆ. ನಾನು ಕೇಳುವವಳು. ನನ್ನಿಂದ ಅವರು ಏನನ್ನೂ ಕಿತ್ತುಕೊಂಡಿರಲಿಲ್ಲ.

ಆದರೂ ಒಂದು ವಿಷಯ ಇದೆ. ಅಣ್ಣ ಸಿಡಿ ನಿಲ್ಲಿಸಿದ್ದು ಎರಡನೇ ಹಾಡಿಗೆ. ಐದನೇ ಹಾಡು ‘ಟ್ರೀಫಿಂಗರ್ಸ್’. ಮಾತಿಲ್ಲ, ತಾಳವಿಲ್ಲ. ಮಂಜು ನಿಧಾನವಾಗಿ ಸರಿದ ಹಾಗೆ ಮೂರೂ ಮುಕ್ಕಾಲು ನಿಮಿಷ. ಅದು ಯಾವ ವಾದ್ಯ ಅಂತ ನನಗೆ ವರ್ಷಗಟ್ಟಲೆ ಗೊತ್ತಿರಲಿಲ್ಲ. ಅದು ಎಡ್ ಒಬ್ರಿಯನ್‌ನ ಗಿಟಾರ್. ಅವನು ನುಡಿಸಿದ್ದನ್ನು ಯಾರ್ಕ್ ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ, ಕರಗಿಸಿ ಹಾಗೆ ಮಾಡಿದ್ದ. ಗಿಟಾರ್ ಎಲ್ಲೂ ಹೋಗಿರಲಿಲ್ಲ. ಇದು ತಿಳಿದ ದಿನ ನಾನು ಅಣ್ಣನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಿಟಾರ್ ಥರ ಕೇಳಿಸದೇ ಇದ್ರೆ ಅದು ಗಿಟಾರ್ ಹೇಗೇ?’ ಅಂದ. ಒಳ್ಳೆಯ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ನಿಧಾನವಾಗಿ ಬಂತು, ಬೇರೆ ಹಾಡುಗಳಿಂದ.

‘ಕಿಡ್ ಎ’ಯ ಕೊನೆಯ ಹಾಡು ‘ಮೋಶನ್ ಪಿಕ್ಚರ್ ಸೌಂಡ್‌ಟ್ರ್ಯಾಕ್’. ಅದರಲ್ಲಿ ಕೇಳಿಸೋದು ಕಾಲಲ್ಲಿ ತುಳಿದು ಗಾಳಿ ತುಂಬುವ ಆರ್ಗನ್. ನಮ್ಮ ಕಂಪನಿ ನಾಟಕಗಳಲ್ಲಿ ಇರುತ್ತಿತ್ತಲ್ಲ ಕಾಲು ಹಾರ್ಮೋನಿಯಂ, ಅದರ ಜಾತಿಯದು. ಇಡೀ ಆಲ್ಬಂನ ಅತಿ ವಿಚಿತ್ರ ಪಯಣದ ಕೊನೆಗೆ ಬರುವ ಈ ಹಾಡು ‘ಕ್ರೀಪ್’ ಕಾಲದ್ದು. ಆಗ ಗಿಟಾರ್ ಹಿಡಿದು ಹಾಡುತ್ತಿದ್ದದ್ದು. ಹೊಸ ಆಲ್ಬಂ ಅಂದುಕೊಂಡಿದ್ದರ ಒಳಗೆ ಅವರ ಅತಿ ಹಳೆಯ ಹಾಡೊಂದು ಕೂತಿತ್ತು.

ಅಲ್ಲಿಂದ ನಾನು ಬೇರೆ ಥರ ಕೇಳೋಕೆ ಶುರುಮಾಡಿದೆ. ಆಲ್ಬಂಗಳನ್ನು ಬಿಟ್ಟು ಒಂದೊಂದು ಹಾಡಿನ ಹಿಂದೆ ಹೋದೆ.

‘ಮಾರ್ನಿಂಗ್ ಬೆಲ್’ ತಗೊಳ್ಳಿ. ‘ಕಿಡ್ ಎ’ಯಲ್ಲಿ ಅದು ಐದು ಮಾತ್ರೆಯ ಲೆಕ್ಕದಲ್ಲಿ ಓಡುತ್ತೆ. ಸೆಲ್ವೇ ಡ್ರಮ್ಸ್ ಮೇಲೆ ಬೆಚ್ಚಗಿನ ಕೀಬೋರ್ಡ್. ಎಂಟು ತಿಂಗಳ ನಂತರ, 2001ರ ಜೂನ್‌ನಲ್ಲಿ ಬಂದ ‘ಆಮ್ನೀಸಿಯಾಕ್’ನಲ್ಲಿ ಅದೇ ಹಾಡು ಮತ್ತೆ ಇದೆ. ಅದೇ ಮಾತು, ಅದೇ ರಾಗದ ಜಾಡು. ಆದರೆ ನಾಲ್ಕರ ಲೆಕ್ಕಕ್ಕೆ ಬಂದು, ಭಾರವಾಗಿ, ಕಾಲೆಳೆದುಕೊಂಡು ನಡೆಯುತ್ತೆ. ಮುರಿದ ಮನೆಯಲ್ಲಿ ಪಾಲು ಹಂಚಿಕೊಳ್ಳುವ ಮಾತುಗಳು ಅದರಲ್ಲಿವೆ. ಮೊದಲನೆಯದು ಜಗಳ ನಡೆಯುತ್ತಿರುವಾಗಿನದು, ಎರಡನೆಯದು ಎಲ್ಲರೂ ಹೋದಮೇಲಿನದು ಅಂತ ನನಗೆ ಅನ್ನಿಸುತ್ತೆ. ಎರಡರಲ್ಲಿ ಯಾವುದು ಸರಿ ಅಂತ ಅವರೇ ಆರಿಸಲಿಲ್ಲ. ಎರಡನ್ನೂ ಕೊಟ್ಟರು.

ಇನ್ನೊಂದು ಇದಕ್ಕಿಂತ ಅಚ್ಚರಿಯದು. ಅದೇ ದಿನಗಳಲ್ಲಿ ಅವರು ‘ಐ ವಿಲ್’ ಅಂತ ಒಂದು ಹಾಡು ಮಾಡಲು ಹೊರಟು, ಸರಿಬರದೆ ಟೇಪನ್ನು ಹಿಮ್ಮುಖವಾಗಿ ಓಡಿಸಿ ಕೇಳಿದರು. ಹಿಮ್ಮುಖದಲ್ಲಿ ಇನ್ನೊಂದು ಹಾಡಿನ ಹೊಳಹು ಸಿಕ್ಕಿತು. ಯಾರ್ಕ್ ಆ ತಿರುಗಿದ ಧಾಟಿಯನ್ನೇ ಕಲಿತು ಹಾಡಿದ. ಅದು ‘ಲೈಕ್ ಸ್ಪಿನ್ನಿಂಗ್ ಪ್ಲೇಟ್ಸ್’ ಆಯಿತು. ಆಲ್ಬಂನಲ್ಲಿ ಅದು ನೀರಿನೊಳಗಿಂದ ಬಂದ ದನಿ, ಮಾತುಗಳೇ ಸರಿಯಾಗಿ ತಿಳಿಯಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಅವರ ಲೈವ್ ಹಾಡುಗಳ ಸಂಗ್ರಹ ಬಂತು. ಅದರಲ್ಲಿ ಈ ಹಾಡಿಗೆ ಬರೀ ಪಿಯಾನೊ. ಕೇಳಿದರೆ ಎದೆ ಹಿಂಡುತ್ತೆ. ಇಷ್ಟು ಸರಳ, ಇಷ್ಟು ಸುಂದರ ಹಾಡು ಆ ಯಂತ್ರದ ಗುಂಯ್‌ಗುಡುವಿಕೆಯೊಳಗೆ ಪೂರ್ತಿ ಇತ್ತು. ಮೂಲದ ‘ಐ ವಿಲ್’ ಕೂಡ ಸುಮ್ಮನಾಗಲಿಲ್ಲ. 2003ರಲ್ಲಿ ‘ಹೇಲ್ ಟು ದ ಥೀಫ್’ನಲ್ಲಿ ಎರಡೇ ನಿಮಿಷದ ಪುಟ್ಟ ಹಾಡಾಗಿ ಬಂತು.

ಅಣ್ಣನಿಗೆ ಆ ಪಿಯಾನೊ ರೂಪ ಕೇಳಿಸಿದೆ. ಪೂರ್ತಿ ಕೇಳಿದ. ‘ಇದನ್ನೇ ಆಲ್ಬಂನಲ್ಲಿ ಹಾಕೋಕೆ ಏನಾಗಿತ್ತು ಇವರಿಗೆ?’ ಅಂದ. ನಾನು ನಕ್ಕೆ, ಅವನೂ ನಕ್ಕ. ಆದರೆ ಅವನು ಮೊದಲ ಸಲ ಈ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದ.

‘ನ್ಯೂಡ್’ ಹಾಡನ್ನು ಅವರು ‘ಓಕೆ ಕಂಪ್ಯೂಟರ್’ ಹೊತ್ತಿನಲ್ಲೇ ಮಾಡಿಕೊಂಡಿದ್ದರು. 1998ರ ಪ್ರವಾಸದಲ್ಲಿ ನುಡಿಸಿದ್ದರು. ಆಗ ಅದಕ್ಕೆ ಹ್ಯಾಮಂಡ್ ಆರ್ಗನ್ ಇತ್ತು. ಅಭಿಮಾನಿಗಳು ಆ ಧ್ವನಿಮುದ್ರಣಗಳನ್ನು ಒಬ್ಬರಿಂದೊಬ್ಬರು ಪಡೆದು ಕಾಪಾಡಿಕೊಂಡರು. ಒಂದೊಂದು ಆಲ್ಬಂ ಬಂದಾಗಲೂ ಇದರಲ್ಲಿ ಇರಬಹುದು ಅಂತ ಕಾದರು. ಇರಲಿಲ್ಲ. 2007ರಲ್ಲಿ ‘ಇನ್ ರೇನ್‌ಬೋಸ್’ನಲ್ಲಿ ಬಂದಾಗ ಆರ್ಗನ್ ಹೋಗಿತ್ತು. ಕಾಲಿನ್ ಗ್ರೀನ್‌ವುಡ್‌ನ ಬೇಸ್ ಹಾಡನ್ನು ಕೈ ಹಿಡಿದು ನಡೆಸುತ್ತಿತ್ತು. ಅಷ್ಟು ವರ್ಷ ಅದಕ್ಕೆ ಬೇಕಾಗಿದ್ದದ್ದು ಆ ಬೇಸ್ ಅಂತ ಕೇಳಿದ ಕ್ಷಣವೇ ಗೊತ್ತಾಗುತ್ತೆ. (ಆ ಆಲ್ಬಂಗೆ ಬೆಲೆ ಎಷ್ಟು ಅಂತ ಕೇಳುಗರೇ ಹಾಕಿಕೊಳ್ಳಬಹುದಿತ್ತು. ಆ ವಿಷಯದ ಗದ್ದಲದಲ್ಲಿ ಹಾಡುಗಳ ಬಗ್ಗೆ ಮಾತು ಕಮ್ಮಿಯಾಯಿತು ಅನ್ನೋದು ನನ್ನ ಕೊರಗು.)

ಎಲ್ಲಕ್ಕಿಂತ ಜಾಸ್ತಿ ಕಾದ ಹಾಡು ‘ಟ್ರೂ ಲವ್ ವೇಟ್ಸ್’. 1995ರ ಡಿಸೆಂಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಸಲ ಹಾಡಿದ್ದು. ಆಮೇಲೆ ಬರೀ ಅಕೌಸ್ಟಿಕ್ ಗಿಟಾರ್, ಎದೆ ತುಂಬಿದ ದನಿ. ಬಿಟ್ಟುಹೋಗಬೇಡ ಅಂತ ಕೂಗಿ ಕೇಳುವ ಹುಡುಗ. ಅಣ್ಣ ಇದನ್ನು ನುಡಿಸುತ್ತಿದ್ದ, ನಾನು ಅತ್ತಿದ್ದೂ ಇದೆ. ಸ್ಟುಡಿಯೊದಲ್ಲಿ ಅವರು ಇದನ್ನು ಒಂದಲ್ಲ, ಹಲವು ಸಲ ಪ್ರಯತ್ನಿಸಿ ಬಿಟ್ಟರು. ಹಾಡು ಚೆನ್ನಾಗಿತ್ತು, ಜನರಿಗೆ ಇಷ್ಟವಿತ್ತು, ಆದರೂ ಅವರಿಗೆ ಸರಿ ಅನ್ನಿಸಲಿಲ್ಲ. 2016ರ ಮೇ ತಿಂಗಳಲ್ಲಿ ‘ಎ ಮೂನ್ ಶೇಪ್ಡ್ ಪೂಲ್’ ಬಂತು. ಅದರ ಕೊನೆಯ ಹಾಡು ಇದು. ಗಿಟಾರ್ ಇಲ್ಲ. ಪಿಯಾನೊದ ಕೆಲವೇ ಸ್ವರಗಳು, ಅವುಗಳ ಮೇಲೆ ಇನ್ನಷ್ಟು ಸ್ವರಗಳು ಮಳೆಹನಿ ಹಾಗೆ ಹೊಂದಿಕೆಯಿಲ್ಲದೆ ಬೀಳುತ್ತವೆ. ಅದಕ್ಕೂ ಹಿಂದಿನ ವರ್ಷ ಯಾರ್ಕ್ 23 ವರ್ಷ ಜೊತೆಗಿದ್ದ ಸಂಗಾತಿಯಿಂದ ಬೇರೆಯಾಗಿದ್ದ. 1995ರ ಹುಡುಗ ಕೇಳುತ್ತಿದ್ದ ಮಾತನ್ನೇ 2016ರ ಗಂಡಸು ಕೇಳುತ್ತಾನೆ. ಈ ಸಲ ಕೂಗಲ್ಲ. ಕೇಳಿದರೂ ಯಾರೂ ನಿಲ್ಲಲ್ಲ ಅಂತ ಅವನಿಗೆ ಗೊತ್ತು.

ಆ ರಾತ್ರಿ ನಾನು ಅದನ್ನು ನಾಲ್ಕೈದು ಸಲ ಕೇಳಿದೆ. ಸದ್ದು ಬದಲಾಯಿತು ಅಂತ ನಾವು ಅಷ್ಟು ವರ್ಷ ಜಗಳವಾಡಿದ್ದು ಯಾವುದರ ಬಗ್ಗೆ ಅಂತ ಯೋಚಿಸಿದೆ. ಅವರು ಹಾಡನ್ನು ಬಿಟ್ಟು ಸದ್ದಿನ ಹಿಂದೆ ಹೋದರು ಅಂತ ಅಣ್ಣ ಹೇಳುತ್ತಿದ್ದ. ಹಾಡು ಹಳೆಯದು, ಸದ್ದೇ ಮುಂದಿನದು ಅಂತ ನಾನು ಹೇಳುತ್ತಿದ್ದೆ. ಇಬ್ಬರದೂ ತಪ್ಪು. ಹಾಡುಗಳನ್ನು ಅವರು ಬಿಟ್ಟೇ ಇರಲಿಲ್ಲ. ಹತ್ತು ವರ್ಷ, 20 ವರ್ಷ ಹೊತ್ತುಕೊಂಡು ತಿರುಗಿದ್ದರು. ಒಂದು ಹಾಡಿಗೆ ಸರಿಯಾದ ಸದ್ದು ಸಿಗುವವರೆಗೆ ಅದನ್ನು ಆಲ್ಬಂಗೆ ಹಾಕಲಿಲ್ಲ, ಅಷ್ಟೇ. ಬದಲಾಗುತ್ತಾ ಹೋದದ್ದು ಆ ಹುಡುಕಾಟ.

ಹಾಗಂತ ಪ್ರತಿ ಸಲ ಅವರು ಹುಡುಕಿದ್ದು ಸಿಕ್ಕಿದೆ ಅಂತ ನಾನು ಹೇಳಲ್ಲ. ‘ವಿಡಿಯೊಟೇಪ್’ ಹಾಡನ್ನು 2006ರ ಪ್ರವಾಸದಲ್ಲಿ ನುಡಿಸುವಾಗ ಅದು ಮೆಲ್ಲಗೆ ಶುರುವಾಗಿ, ಡ್ರಮ್ಸ್ ಸೇರಿ, ಗಿಟಾರ್ ಸೇರಿ, ಹೊಳೆ ಉಕ್ಕಿದ ಹಾಗೆ ಏರುತ್ತಿತ್ತು. ಆಲ್ಬಂನಲ್ಲಿ ಆ ಏರಿಕೆಯನ್ನೇ ತೆಗೆದುಹಾಕಿದರು. ಪಿಯಾನೊ, ಒಂದು ಒಣಗಿದ ತಾಳ, ಮುಗಿಯಿತು. ಆ ಸಂಯಮ ಇಷ್ಟಪಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಇವತ್ತಿಗೂ 2006ರದ್ದೇ ಬೇಕು. ಇದರಲ್ಲಿ ನಾನು ಅಣ್ಣನ ಪಕ್ಷ.

‘ಲಿಫ್ಟ್’ ಕಥೆಯೂ ಹಾಗೇ. 1996ರಲ್ಲಿ ಅಮೆರಿಕದಲ್ಲಿ ಗಾಯಕಿ ಅಲನಿಸ್ ಮಾರಿಸೆಟ್ ಕಾರ್ಯಕ್ರಮಗಳ ಮುಂಚೆ ನುಡಿಸುತ್ತಿದ್ದಾಗ ಜನ ಆ ಹಾಡಿಗೆ ಕುಣಿಯುತ್ತಿದ್ದರು. ಅದನ್ನು ‘ಓಕೆ ಕಂಪ್ಯೂಟರ್’ಗೆ ಹಾಕಿದ್ದರೆ ದೊಡ್ಡ ಹಿಟ್ ಆಗುತ್ತಿತ್ತು. ಆ ದೊಡ್ಡತನವೇ ನಮ್ಮನ್ನು ಮುಗಿಸಿಬಿಡುತ್ತಿತ್ತು ಅನ್ನೋ ಅರ್ಥದಲ್ಲಿ ಒಬ್ರಿಯನ್ ಮುಂದೆ ಹೇಳಿದ. ಹಾಡು ಹೊರಬಂದಿದ್ದು 2017ರಲ್ಲಿ, ಹಳೇ ಆಲ್ಬಂನ 20ನೇ ವರ್ಷದ ಮರುಬಿಡುಗಡೆಯಲ್ಲಿ. ಅಷ್ಟು ಹೊತ್ತಿಗೆ ಅದಕ್ಕೆ ಕುಣಿದಿದ್ದ ಹುಡುಗರಿಗೆಲ್ಲ ನಲವತ್ತಾಗಿತ್ತು. ಇದನ್ನು ನೆನೆದರೆ ನನಗೆ ಸಂಕಟವಾಗುತ್ತೆ. ಕೇಳುಗರಿಗೂ ಒಂದು ವಯಸ್ಸು ಇರುತ್ತೆ ಅಲ್ವಾ?

ನಮ್ಮಲ್ಲೂ ಇಂಥ ಜಗಳ ಆಗಿದೆ. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥ್ ಅವರದ್ದೋ ಅನ್ನೋದು ಎಷ್ಟು ವರ್ಷ ನಡೆಯಿತು! 2022ರಲ್ಲಿ ಸರ್ಕಾರ ಅನಂತಸ್ವಾಮಿಯವರದ್ದು, ಎರಡೂವರೆ ನಿಮಿಷ ಅಂತ ಆದೇಶ ಮಾಡಿತು. ಕುವೆಂಪು ಅವರ ಸಾಲು ಅದೇ. ಆದರೂ ಜನ ಅಷ್ಟು ಬಿಸಿಯಾಗಿ ಮಾತಾಡಿದ್ದು ಯಾಕೆಂದರೆ ಆ ಧಾಟಿ ಅವರವರ ಶಾಲೆಯ ಬೆಳಗಿನ ಸಾಲಿನಲ್ಲಿ ನಿಂತಿದ್ದ ನೆನಪು. ಅಣ್ಣ ತನ್ನ ಮೆಟ್ಟಿಲನ್ನು ಬಿಟ್ಟುಕೊಡಲ್ಲ ಅಂದಾಗ ನನಗೆ ಅದು ನೆನಪಾಗುತ್ತೆ.

ಉಳಿದ ಆಲ್ಬಂಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ‘ಹೇಲ್ ಟು ದ ಥೀಫ್’ನಲ್ಲಿ 14 ಹಾಡು, ಉದ್ದವಾಯಿತು ಅಂತ ಎಲ್ಲರೂ ಹೇಳುತ್ತಾರೆ. ಯಾರ್ಕ್‌ಗೇ ಹಾಗನ್ನಿಸಿ 2008ರಲ್ಲಿ ನಾಲ್ಕು ಹಾಡು ತೆಗೆದು ಹೊಸ ಪಟ್ಟಿ ಹಾಕಿದ. 2011ರ ‘ದಿ ಕಿಂಗ್ ಆಫ್ ಲಿಂಬ್ಸ್’ ಎಂಟು ಹಾಡು, 37 ನಿಮಿಷ. ಇಷ್ಟೇ ಇರಲ್ಲ, ಎರಡನೇ ಭಾಗ ಬರುತ್ತೆ ಅಂತ ಅಭಿಮಾನಿಗಳು ಕೊನೆಯ ಹಾಡಿನ ಒಂದು ಸಾಲನ್ನು ಹಿಡಿದು ತಿಂಗಳುಗಟ್ಟಲೆ ಕಾದರು. ಬರಲಿಲ್ಲ. ಇನ್ನು ಕೆಲವರು ‘ಓಕೆ ಕಂಪ್ಯೂಟರ್’ನ ಹಾಡುಗಳ ನಡುನಡುವೆ ‘ಇನ್ ರೇನ್‌ಬೋಸ್’ನ ಹಾಡುಗಳನ್ನು ಜೋಡಿಸಿ, ಎರಡೂ ಸೇರಿ ಒಂದೇ ಆಲ್ಬಂ ಅಂತ ಲೆಕ್ಕ ಹಾಕಿದ್ದಾರೆ. ನಾನೂ ಹಾಗೆ ಜೋಡಿಸಿ ಕೇಳಿದ್ದೇನೆ. ಲೆಕ್ಕ ನಿಜವೋ ಅಲ್ಲವೋ, ಹತ್ತು ವರ್ಷದ ಅಂತರದ ಹಾಡುಗಳು ಒಂದರ ಕೈಯನ್ನೊಂದು ಹಿಡಿಯುತ್ತವೆ ಅನ್ನೋದು ಮಾತ್ರ ನಿಜ. ಅಷ್ಟು ಪ್ರೀತಿಯಿಂದ ಕೇಳಿದ ಯಾರೋ ಒಬ್ಬರಿಗೆ ಅದು ಹೊಳೆಯಿತು.

ಜಾನಿಯ ಹುಡುಕಾಟ ನಮ್ಮ ದೇಶಕ್ಕೂ ಬಂತು. 2015ರಲ್ಲಿ ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಇಸ್ರೇಲಿನ ಶೈ ಬೆನ್ ತ್ಸೂರ್, ರಾಜಸ್ಥಾನದ ಕವ್ವಾಲಿ ಗಾಯಕರು, ಬ್ಯಾಂಡ್‌ಸೆಟ್‌ನವರ ಜೊತೆ ಕೂತು ‘ಜುನೂನ್’ ಆಲ್ಬಂ ಮಾಡಿದ. ಅದರಲ್ಲಿ ಅವನ ಗಿಟಾರ್ ಎಲ್ಲೂ ಮುಂದೆ ಬರಲ್ಲ. ತುತ್ತೂರಿ, ಢೋಲಕ್, ಹಾಡುವವರ ದನಿ ಇವುಗಳ ಹಿಂದೆ ಎಲ್ಲೋ ಕೂತಿರುತ್ತಾನೆ. ಇದನ್ನು ದೊಡ್ಡಮ್ಮನಿಗೆ ಕೇಳಿಸಿದೆ. ಅವರಿಗೆ ಇಷ್ಟವಾಯಿತು. ಅವತ್ತು ಕ್ಯಾಸೆಟ್ ಸುತ್ತಿಕೊಂಡಿದೆ ಅಂದಿದ್ದ ಹಾಡಿನವರೇ ಇವರು ಅಂದೆ. ‘ಸರಿಯಾದವರ ಜೊತೆ ಸೇರಿದ್ದಾನೆ ಈಗ’ ಅಂದರು.

ಅಣ್ಣ ಈಗ ಇಂಗ್ಲೆಂಡಿನಲ್ಲಿದ್ದಾನೆ. ಅವನ ಮನೆಯಿಂದ ಆಕ್ಸ್‌ಫರ್ಡ್‌ಗೆ ರೈಲಿನಲ್ಲಿ ಹೋಗಬಹುದು. 2018ರ ಪ್ರವಾಸದ ನಂತರ ಸುಮ್ಮನಿದ್ದ ಬ್ಯಾಂಡ್ 2025ರ ನವೆಂಬರ್, ಡಿಸೆಂಬರ್‌ನಲ್ಲಿ ಮತ್ತೆ ಸೇರಿ ಯುರೋಪಿನ ಐದು ನಗರಗಳಲ್ಲಿ ನುಡಿಸಿತು. ಲಂಡನ್ನಿನ ಒಂದು ರಾತ್ರಿಗೆ ಅವನಿಗೆ ಎರಡು ಟಿಕೆಟ್ ಸಿಕ್ಕಿತು. 16 ವರ್ಷದ ಮಗಳನ್ನು ಕರೆದುಕೊಂಡು ಹೋದ. ವೇದಿಕೆ ನಟ್ಟನಡುವೆ, ಸುತ್ತಲೂ ಜನ.

ಮುಗಿದ ಮೇಲೆ ಅಲ್ಲಿಂದಲೇ ಫೋನ್ ಮಾಡಿದ. ನಮಗೆ ಬೆಳಗಿನ ಜಾವ. ನಾನು ಎದ್ದೇ ಇದ್ದೆ. ಅವನ ದನಿ ಒಡೆದಿತ್ತು, ಕೂಗಿ ಕೂಗಿ. ಏನೇನು ಹಾಡಿದರು ಅಂತ ಕೇಳಿದೆ. ಅವನು ಮಗಳ ಬಗ್ಗೆ ಹೇಳಿದ. ಅವಳಿಗೆ ಅತಿ ಇಷ್ಟವಾದದ್ದು ‘ಲೆಟ್ ಡೌನ್’. ಸಣ್ಣ ಸಣ್ಣ ವಿಡಿಯೊಗಳಿಂದ ಅವಳ ವಯಸ್ಸಿನವರಿಗೆಲ್ಲ ಆ ಹಾಡು ಗೊತ್ತಾಗಿದೆ. 1997ರ ಹಾಡು 2025ರ ಆಗಸ್ಟ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿಗೆ ಬಂತು. ಆ ಹಾಡಿನ ಪಕ್ಕದಲ್ಲೇ ಅವಳ ಪಟ್ಟಿಯಲ್ಲಿ ‘ಇಡಿಯೊಟೆಕ್’ ಇದೆ, ‘ನ್ಯೂಡ್’ ಇದೆ, ‘ಕ್ರೀಪ್’ ಕೂಡ ಇದೆ. ಯಾವುದು ಮೊದಲು ಬಂತು ಅಂತ ಅವಳಿಗೆ ಗೊತ್ತಿಲ್ಲ. ಎಲ್ಲ ಒಂದೇ ದಿನ ಅವಳ ಫೋನಿಗೆ ಬಂದವು. ‘ಗಿಟಾರ್ ಬಿಟ್ರು ಅಂತ ನಾನು ಅಳ್ತಿದ್ದೆ ಅಂದ್ರೆ, ಯಾವಾಗ ಬಿಟ್ರು ಅಪ್ಪ ಅಂತ ಕೇಳ್ತಾಳೆ ಕಣೇ’ ಅಂದ.

‘ನೀನೇನು ಹೇಳಿದೆ?’

‘ಕಿಡ್ ಎ ಹಾಕಿ ತೋರಿಸ್ದೆ.’

‘ಪೂರ್ತಿ?’

‘ಹೂಂ, ಪೂರ್ತಿ.’

ಆಮೇಲೆ ಫೋನ್ ಮಗಳ ಕೈಗೆ ಹೋಯಿತು. ‘ಅತ್ತೆ, ಆ ಕ್ಯಾಸೆಟ್ ಇನ್ನೂ ಇದೆಯಾ?’ ಅಂತ ಕೇಳಿದಳು. ಇದೆ ಅಂದೆ. ತನಗೆ ಬೇಕು ಅಂದಳು. ಸ್ನೇಹಿತೆಯ ತಾತನ ಹತ್ತಿರ ಟೇಪ್ ರೆಕಾರ್ಡರ್ ಇದೆಯಂತೆ.

ಬೀರುವಿನ ಕೆಳಗಿನ ಖಾನೆಯಿಂದ ತೆಗೆದಿದ್ದೇನೆ. ಡಬ್ಬಿಯ ಒಂದು ಮೂಲೆ ಒಡೆದಿದೆ. ಒಳಗಿನ ಕಾಗದದಲ್ಲಿ ಅಣ್ಣನ ನೀಲಿ ಶಾಯಿಯ ಅಕ್ಷರ, ಎರಡೂ ಕಡೆಯ ಹಾಡುಗಳ ಹೆಸರು. ಒಂದು ಕಡೆ ಕೊನೆಗೆ ‘ಸ್ಟ್ರೀಟ್ ಸ್ಪಿರಿಟ್’ ಅಂತ ಬರೆದು, ಪಕ್ಕದಲ್ಲಿ ಸಣ್ಣದಾಗಿ ‘ಪೂರ್ತಿ ಇಲ್ಲ’ ಅಂತ ಬರೆದಿದ್ದಾನೆ. ನಾಳೆ ಅಂಚೆ ಕಚೇರಿಗೆ ಹೋಗಬೇಕು.